ಹತ್ತಿ ಬಡಿಯುವ ಕೋಲು

"ರೀ, ಅತ್ತೆ ಹಿರಿಯೂರು ಬಸ್ಸು ಹತ್ತಿ ಆಗ್ಲೇ ಗಂಟೆ ಆತು," ಎಂದಳು ಫೋನಿನಲ್ಲಿ ಹೆಂಡತಿ ಫರೀಹಾ. "ಹತ್ತಿ ಬಡಿಯೋ ಜೋಡಿ ಕೋಲು ಚೀಲದಾಗೆ ಹಾಕ್ಕಂಡು ಹೋದ್ರು."

ಹಿರಿಯೂರಿನ ಮದುವೆ ಛತ್ರದ ವೇದಿಕೆ ಪಕ್ಕ ಗಿಟಾರು ಹಿಡಿದು ನಿಂತಿದ್ದ ತೌಹೀದ್ ಸರಕ್ಕನೆ ಬಾಗಿಲ ಕಡೆ ತಿರುಗಿದ. ಗಡ್ಡ ನರೆತಿತ್ತು, ಮಗಳು ಕಾಲೇಜು ಸೇರಿದ್ದಳು, ಆದರೂ ಅಮ್ಮನ ಮುಂದೆ ಅವನಿನ್ನೂ ಚಡ್ಡಿ ಹುಡುಗನೇ. ಚಿತ್ರದುರ್ಗದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಆ ಅಮ್ಮ, ಖಾತುನ್ ಬೀ, ಕಣ್ಣು ಬಿಟ್ಟರೆ ಕೋಟೆಯ ಬುರುಜೇ ಒಂದು ಮೊಳ ಕುಗ್ಗೀತು. ಇವನದ್ಯಾವ ಲೆಕ್ಕ?

ತಪ್ಪೆಲ್ಲ 'ಕರಿಗಂಬಳಿ' ಬ್ಯಾಂಡಿನದು. ಆ ರಾಕ್ ಹುಡುಗರು ಕುರಿ ಕಾಯುವವರ ಹಾಗೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕಿ, ಯಾರಿಗೂ ಮುಖ ತೋರಿಸದೆ ಹಾಡಿ, ಒಂದೇ ಒಂದು ಕ್ಯಾಸೆಟ್ಟು ಬಿಟ್ಟು ಚದುರಿಹೋಗಿದ್ದರು. ತೌಹೀದ್ ಹುಡುಗನಾಗಿದ್ದಾಗ ಅದನ್ನು ಅಂಗಡಿಯಲ್ಲಿ ಎಷ್ಟು ಓಡಿಸಿದ್ದನೆಂದರೆ, ದುರ್ಗದ ಹಾಸಿಗೆಗಳಲ್ಲಿ ಹತ್ತಿಗಿಂತ ಆ ಹಾಡುಗಳೇ ಹೆಚ್ಚು ತುಂಬಿದ್ದವು. ಖಾತುನ್ ಬೀ ಬೈಯುತ್ತ ಬೈಯುತ್ತಲೇ ಹತ್ತಿ ಬಡಿಯುತ್ತಿದ್ದಳು. ಬೈದು ಬೈದು ಬಾಯಿ ಸೋತರೂ ಕೋಲು ತಾಳ ತಪ್ಪುತ್ತಿರಲಿಲ್ಲ.

ಈಗ ತೌಹೀದನೂ ಗೆಳೆಯರೂ ಅಂಥದೇ ಕೊಪ್ಪೆ ಹಾಕಿಕೊಂಡು ಆ ಹಾಡುಗಳನ್ನು ಹಾಡುತ್ತಿದ್ದರು. ಮನೆಯಲ್ಲಿ ಮಾತ್ರ ಹೊಳಲ್ಕೆರೆಗೆ ಹಾಸಿಗೆ ಕೊಟ್ಟು ಬರುತ್ತೇನೆಂಬ ಸುಳ್ಳು. ಮೊನ್ನೆ ಮಂಚದಡಿ ಅಮ್ಮನ ಕೈಗೆ ಕಂಬಳಿ ಸಿಕ್ಕಿತ್ತು. "ಈ ಸಲ ನಾನೇ ಬರ್ತೀನಿ. ಕೋಲು ಮುರಿಯಾಗಂಟ ಬಿಡಲ್ಲ," ಎಂದಿದ್ದಳು.

ಸಾಲದ್ದಕ್ಕೆ ಡ್ರಮ್ಮು ಬಾರಿಸುವ ರಘುನಾಥ್ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಮುರಿದ ಕೈಗೆ ದಿಂಬು ಬೇಕೆಂದು ಖಾತುನ್ ಬೀ ಅಂಗಡಿಗೆ ಹೋಗಿ ಬಂದವನು, ಬದಲಿಗೆ ಒಬ್ಬರನ್ನು ಕಳಿಸುತ್ತೇನೆ, ಎಲ್ಲ ಹಾಡೂ ಅವರ ಕೈಯಲ್ಲಿವೆ ಎಂದಿದ್ದ. ಪರದೆ ಏಳುವ ಹೊತ್ತಿಗೆ ಮೂಗಿನವರೆಗೂ ಇಳಿಬಿಟ್ಟ ಕೊಪ್ಪೆಯೊಂದು ಸದ್ದಿಲ್ಲದೆ ಬಂದು ಡ್ರಮ್ಮಿನ ಹಿಂದೆ ಕೂತಿತು. ತೌಹೀದ್ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಬಾಗಿಲ ಮೇಲೆ.

ಬಾಗಿಲು ಕಿರುಗುಟ್ಟಿದಾಗಲೆಲ್ಲ ಜೀವ ಅಂಗಾಲಿಗಿಳಿಯುತ್ತಿತ್ತು. ಎರಡನೇ ಹಾಡಿನ ನಡುವೆ ಬುರ್ಖಾ ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಚೀಲ ಹಿಡಿದು ಒಳಗೆ ಬಂದಳು. ಅವನ ಬೆರಳು ತಂತಿಯ ಮೇಲೇ ಸತ್ತವು. ಹಾಡಿನ ಒಂದು ಪದವೂ ನೆನಪಿಗೆ ಬರಲಿಲ್ಲ.

ಆಗ ಬೆನ್ನ ಹಿಂದೆ ಡ್ರಮ್ಮು ಗುಡುಗಿತು. ಕಿವಿ ಹಿಂಡಿ ಎಳೆದು ತಂದಂತೆ ಅವನನ್ನು ತಾಳಕ್ಕೆ ತಂದು ನಿಲ್ಲಿಸಿತು. ಆ ಹೆಂಗಸು ಬುರ್ಖಾ ಸರಿಸಿದಳು. ಯಾರೋ ಬೇರೆಯವರು. ತೌಹೀದ್ ಹಾಡಿದ. ತಲೆ ನರೆತ ಅಭಿಮಾನಿಗಳು ಕುಣಿದ ರಭಸಕ್ಕೆ ಛತ್ರದ ಹೆಂಚು ಹಾರಿ ವೇದಾವತಿಗೆ ಬೀಳದಿದ್ದುದೇ ಪುಣ್ಯ.

ಪರದೆ ಬಿದ್ದದ್ದೇ ತಡ, ಅವನು ಹೋಗಿ ಡ್ರಮ್ಮಿನ ಹಿಂದೆ ಕುಕ್ಕರಿಸಿದ. ಬದಲಿಯವರ ಕಂಬಳಿಯ ಅಂಚು ಹಿಡಿದುಕೊಂಡ.

"ಅಣ್ಣಾ, ಮಾನ ಉಳಿಸಿದ್ರಿ. ಇನ್ನೊಂದು ಉಪಕಾರ ಮಾಡ್ರಿ. ನಮ್ಮಮ್ಮ ಹೊರಗೆ ಕೋಲು ಹಿಡ್ಕಂಡು ಕಾಯ್ತಿರ್ತಾಳೆ. ಹಿಂದಿನ ಬಾಗ್ಲಾಗಿಂದ ಹೋಗಾಣ."

ಕೊಪ್ಪೆಯೊಳಗಿಂದ ಎರಡು ತುಂಡಾದ ಹತ್ತಿ ಬಡಿಯುವ ಕೋಲೊಂದು ಅವನ ಮಡಿಲಿಗೆ ಬಿತ್ತು.

"ಮುಂದಿನ ಬಾಗ್ಲಾಗೇ ಹೋಗಾಣ ನಡಿಯಲೇ ತೌಹೀದು," ಎಂದಳು ಕಂಬಳಿಯೊಳಗಿಂದ ಖಾತುನ್ ಬೀ. "ಕೋಲು ಮುರ್ದೈತೆ. ನಿನ್ನ ಬಡಿಯಾಕೆ ಇನ್ನೇನು ಉಳಿದೈತೆ?"