ಗುಂಡು ಅಕ್ಷರ

ಕೂರಲು ಸ್ಟೂಲು ಕೇಳಿದ ಹನ್ನೊಂದು ಹೆಂಗಸರನ್ನು ಬಟ್ಟೆ ಅಂಗಡಿ ಸೋಮವಾರ ಕೆಲಸದಿಂದ ತೆಗೆದುಹಾಕಿತು. ಬುಧವಾರ ಅಂಗಡಿಯ ಮ್ಯಾನೇಜರು ಬಿಳಿ ಬಣ್ಣದ ಡಬ್ಬ ಹಿಡಿದು, ಎದುರು ಸಾಲಿನ ಬೋರ್ಡ್ ಬರೆಯುವವಳ ಮುಂದೆ ನಿಂತಿದ್ದ. ಅವನ ಅಂಗಡಿಯ ಹೆಸರಿಗೆಂದೇ ಅವಳು ರೂಪಿಸಿದ್ದ ಗುಂಡು ಅಕ್ಷರಗಳು ಈಗ ಅವಳ ಗೋಡೆಯ ಮೇಲೂ ಇದ್ದವು. ಹೊಟ್ಟೆ ಉಬ್ಬಿಸಿಕೊಂಡು, ಒಂದರ ಮೇಲೊಂದು ವಾಲಿಕೊಂಡು, ಆಳೆತ್ತರಕ್ಕೆ ಕೆಂಪಗೆ ಎರಡೇ ಪದ: ‘ಸ್ಟೂಲು ಕೊಡಿ’.

“ಜನ ಇದನ್ನ ನಮ್ದೇ ಜಾಹೀರಾತು ಅಂದ್ಕೊಂಡಿದ್ದಾರೆ ಕಣಮ್ಮ! ಬಂದವರೆಲ್ಲ, ಬಟ್ಟೆ ತಗೊಂಡ್ರೆ ಸ್ಟೂಲು ಫ್ರೀನಾ ಅಂತ ಕೇಳ್ತಾರೆ.”

ಕೆಲಸ ಕಳೆದುಕೊಂಡವರಲ್ಲಿ ಬೋರ್ಡ್ ಬರೆಯುವವಳ ಅತ್ತಿಗೆಯೂ ಒಬ್ಬಳು. ಮೆಟ್ಟಿಲ ಮೇಲೆ ಊದಿದ ಕಾಲು ಚಾಚಿ ಕೂತಿದ್ದವಳು, “ಹೂಂ ಅನ್ನಿ ಸಾರ್. ಮೊದಲು ನಮಗೆ ಕೊಡಿ, ಮಿಕ್ಕಿದ್ದು ಅವರಿಗೆ” ಎಂದಳು.

ಮ್ಯಾನೇಜರಿಗೆ ಮೈಯೆಲ್ಲ ಉರಿಯಿತು. “ಈ ಅಕ್ಷರ ಅಂಗಡಿ ಹೆಸರಿಗೆ, ಸರ್ಕಸ್ಸಿಗೆ ಸರಿ. ತಕರಾರಿಗಲ್ಲ. ಇದರ ಮೇಲೆ ಬಿಳಿ ಬಳಿ. ಬೇಕಿದ್ರೆ ಮೂಲೇಲಿ ಸಣ್ಣಗೆ ಬರ್ಕೊ. ಇಲ್ಲಾಂದ್ರೆ ನಮ್ಮ ಬೋರ್ಡ್ ಕೆಲಸ ಇವತ್ತಿಗೇ ಮರೆತುಬಿಡು.”

ಅಷ್ಟರಲ್ಲಿ ಬಸ್ಸೊಂದು ನಿಧಾನವಾಗಿ ಹಾದುಹೋಯಿತು. ಕಿಟಕಿಯಲ್ಲಿದ್ದ ಮಗು ಗೋಡೆಯನ್ನು ಗಟ್ಟಿಯಾಗಿ ಓದಿ ನಕ್ಕಿತು. ಪಕ್ಕದವರೆಲ್ಲ ತಿರುಗಿ ಓದಿದರು.

“ಹನ್ನೊಂದು ಜನ ಸಣ್ಣಗೆ ಬರೆದ ಅರ್ಜಿ ಆರು ತಿಂಗಳು ನಿಮ್ಮ ಮೇಜಿನ ಮೇಲೇ ಇತ್ತಲ್ಲ ಸಾರ್, ಓದಿದ್ರಾ?” ಬೋರ್ಡ್ ಬರೆಯುವವಳು ಅವನು ಚಾಚಿದ ಡಬ್ಬವನ್ನು ಮುಟ್ಟಲೂ ಇಲ್ಲ. “ಈ ಅಕ್ಷರ ಇರೋದೇ ದೂರದಿಂದ ಓದಬೇಕಾದ ಎರಡು ಮಾತಿಗೆ. ನಾನು ಬಳಿಯಲ್ಲ.”