ಅಂಗಾಲಿನ ಸನ್ನೆ

"ಕೂಗ್ಬೇಡ ಸುಜಾನ್, ನೋಡು," ಎಂದ ಗ್ಯಾರಿ, ಸೋಫಾದ ಮೇಲೆ ನಿದ್ದೆಹೋಗಿದ್ದ ತನ್ನ ಸೇನೆಯ ಗೆಳೆಯ ಆಲನ್‌ನ ಅಂಗಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನಲ್ಲಿ ತಲೆಯ ಮೇಲೆಯೇ ಹಾರುವ ವಿಮಾನಗಳ ಗುಡುಗಿಗೂ ಏಳದಿದ್ದ ಆಲನ್ ಸದ್ದಿಲ್ಲದೆ ಕಣ್ಣು ಬಿಟ್ಟು ನಕ್ಕ.

ಸುಜಾನ್‌ಗೆ ಹೊಟ್ಟೆ ಉರಿಯಿತು. ಇರಾಕಿನ ಯುದ್ಧದಿಂದ ಮರಳಿದ ಮೇಲೆ, ಅವಳು ಹೆಸರು ಹಿಡಿದು ಎಬ್ಬಿಸಿದಾಗಲೆಲ್ಲ ಗಂಡ ಆಲನ್ ಚೀರಿ ಅವಳ ಕೈ ತಿರುಚುತ್ತಿದ್ದ. ಮಣಿಕಟ್ಟು ಇನ್ನೂ ನೀಲಿಗಟ್ಟಿತ್ತು.

"ನಾನು ಕರೆದ್ರೆ ಮೈಮೇಲೆ ಬೀಳ್ತಾನೆ. ನಿನಗೆ ಮಾತ್ರ ನಗುವಾ?"

"ಮರಳುಗಾಡಲ್ಲಿ ಶತ್ರುಗಳ ನಡುವೆಯೇ ಅಡಗಿದ್ವಿ. ಪಿಸುಗುಟ್ಟಿದ್ರೂ ಸಾವು. ಕಾವಲು ಬದಲಿಸೋಕೆ ಹೀಗೇ ಎಬ್ಬಿಸ್ತಿದ್ವಿ."

"ಮದುವೆಯಾದವಳು ನಾನು, ಗುಟ್ಟೆಲ್ಲ ನಿಂಗೆ!"

ಗ್ಯಾರಿ ನಗುತ್ತಾ ಸಿಗರೇಟು ಸೇದಲು ಹೊರಗೆ ಹೋದ. ಆಲನ್‌ಗೆ ಆಗಲೇ ಮತ್ತೆ ಜೊಂಪು ಹತ್ತಿತ್ತು. ಸುಜಾನ್ ಅವನ ಕಾಲ ಬಳಿ ಕುಳಿತು, ಉಸಿರು ಬಿಗಿಹಿಡಿದು ಅಂಗಾಲು ಒತ್ತಿದಳು. ಆಲನ್ ಚೀರಲಿಲ್ಲ. ಕಣ್ಣು ಮುಚ್ಚಿಕೊಂಡೇ ನಕ್ಕ.

"ನೀನು ಮಲಗು ಗ್ಯಾರಿ, ನಾನು ಕಾಯ್ತೇನೆ."

'ಗ್ಯಾರಿ ಅಲ್ಲ, ನಾನು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಆ ನಗು ಎಲ್ಲಿ ಆರಿಹೋದೀತೋ ಎಂದು, ಗ್ಯಾರಿಯಾಗಿಯೇ ಸುಮ್ಮನೆ ಕುಳಿತಳು.