ಬೆಣ್ಣೆ ಕೋಣೆಯ ಕಳ್ಳಿ

ಗೋಡೆಯ ಮೇಲಿನ ದುಂಡು ಚಾರ್ಟಿನಲ್ಲಿ ಇವತ್ತೂ ಮೂರು ಕಡೆ ಗೀರು ಹೆಚ್ಚಿಗೆ ಮೇಲೆದ್ದಿತ್ತು. ಬೇಕರಿಯ ಬೆಣ್ಣೆ ಇಡುವ ತಣ್ಣನೆ ಕೋಣೆಯ ಬಾಗಿಲು ತೆಗೆದಾಗಲೆಲ್ಲ ಒಳಗಿನ ಚಳಿ ಕಮ್ಮಿಯಾಗಿ, ಯಂತ್ರದ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಎಳೆಯುತ್ತದೆ. ಬೆಣ್ಣೆ ತೆಗೆಯುವ ಹೊತ್ತು ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು. ಹಾಗಾದರೆ ಹತ್ತೂವರೆಗೆ, ಹನ್ನೊಂದೂಕಾಲಿಗೆ, ಮತ್ತೆ ಹನ್ನೆರಡಕ್ಕೆ ಒಳಗೆ ಹೋದ ಪುಣ್ಯಾತ್ಮರು ಯಾರು? ಮೇಲ್ವಿಚಾರಕಿಯ ಎದೆ ಢವಢವ ಅಂದಿತು.

ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ದುರ್ಬೀನು’ ಅಂತಲೇ ಕರೆಯುವುದು. ಕರೆಯಲಿ ಬಿಡಿ. ನಾಲ್ಕು ತಿಂಗಳಿಂದ ಅವಳಿಗೆ ಕಂಡವರೆಲ್ಲ ಕಳ್ಳರೇ. ಸಕ್ಕರೆ ಅಳೆಯುವವನ ಮೇಲೆ ಅನುಮಾನ, ವ್ಯಾನ್ ಓಡಿಸುವವನ ಮೇಲೆ ಅನುಮಾನ. ಮನೆಯಲ್ಲಿ ಪಾಪದ ಗಂಡನ ಜೇಬನ್ನೂ ತಡಕಾಡಿ, ಒಂದು ಹಳೇ ಬಸ್ ಟಿಕೆಟ್ ಸಿಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ರಾತ್ರಿ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಎಲ್ಲ ಈ ಕಳ್ಳರ ದೆಸೆಯಿಂದ ಅಂತ ಅವಳು ನಂಬಿದ್ದಳು.

ತಣ್ಣನೆ ಕೋಣೆಯ ಬೀಗದಕೈ ಒಂದು ಅವಳ ಹತ್ತಿರ, ಇನ್ನೊಂದು ಪ್ಯಾಕಿಂಗ್‌ನ ದೊಡ್ಡಕ್ಕನ ಹತ್ತಿರ. ಹದಿನಾಲ್ಕು ವರ್ಷದಲ್ಲಿ ಕೇಳದೆ ಒಂದು ಬಿಸ್ಕತ್ತನ್ನೂ ಬಾಯಿಗಿಟ್ಟವಳಲ್ಲ ದೊಡ್ಡಕ್ಕ.

“ಅಂಥವರೇ ಸಾರ್ ಮನೆ ಹಾಳು ಮಾಡೋದು,” ಅಂತ ಮೇಲ್ವಿಚಾರಕಿ ಮ್ಯಾನೇಜರ ಕಿವಿ ಊದಿದಳು. “ದಿನಾ ನೋಡ್ತಿದೀನಿ, ಕತ್ತಿನ ಹತ್ರ ಏಪ್ರನ್ ಒದ್ದೆ ಮುದ್ದೆ. ಒಳಗೆ ಬೆಣ್ಣೆ ಬಚ್ಚಿಟ್ಕೊಂಡ್ರೆ ಕರಗದೆ ಇನ್ನೇನಾಗುತ್ತೆ?”

“ಮಾಲು ಸಮೇತ ಹಿಡೀರಿ. ಇವತ್ತೇ ಕೆಲಸದಿಂದ ತೆಗೆದು ಮನೆಗೆ ಕಳಿಸ್ತೀನಿ,” ಎಂದರು ಮ್ಯಾನೇಜರು.

ನಾಲ್ಕು ಗಂಟೆಗೆ ದೊಡ್ಡಕ್ಕ ಅತ್ತಿತ್ತ ನೋಡಿ ಸರಕ್ಕನೆ ಒಳಗೆ ಹೋದಳು. ಮೇಲ್ವಿಚಾರಕಿ ಮೂವತ್ತು ಎಣಿಸಿ ಬಾಗಿಲು ದೂಡಿದಳು.

ಬೆಣ್ಣೆ ಪೆಟ್ಟಿಗೆಗಳ ನಡುವೆ ಬೆಂಚಿನ ಮೇಲೆ ಕೂತ ದೊಡ್ಡಕ್ಕ, ಏಪ್ರನ್ ಬಿಚ್ಚಿ ತೊಡೆಯ ಮೇಲಿಟ್ಟು, ತಗಡಿನ ಗೋಡೆಗೆ ಕೆನ್ನೆ ಒತ್ತಿಕೊಂಡಿದ್ದಳು. ಅಷ್ಟು ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಕೊಡಿ ಇಲ್ಲಿ!” ಮೇಲ್ವಿಚಾರಕಿ ಏಪ್ರನ್ ಕಿತ್ತುಕೊಂಡು ಕೊಡವಿದಳು. ಏನೂ ಬೀಳಲಿಲ್ಲ. ಮೂಸಿ ನೋಡಿದಳು. ಬೆಣ್ಣೆಯಲ್ಲ, ಬರೀ ಬೆವರು.

“ಎರಡೇ ನಿಮಿಷ ಮೇಡಂ. ಮೈಯೆಲ್ಲ ಒಲೆ ಹೊತ್ತಿಸಿದ ಹಾಗಾಗುತ್ತೆ, ಇಲ್ಲಿ ಕೂತ್ರೆ ಇಳಿಯುತ್ತೆ. ಮುಟ್ಟು ನಿಲ್ಲೋ ವಯಸ್ಸಲ್ವಾ? ಆ ಗಂಡಸರ ಮುಂದೆ ಏನಂತ ಹೇಳ್ಲಿ?” ದೊಡ್ಡಕ್ಕನ ಕಣ್ಣು ತುಂಬಿತು. “ರಾತ್ರಿ ನಿದ್ದೆ ಇಲ್ಲ. ಸುಮ್‌ಸುಮ್ನೆ ಎದೆ ಹೊಡ್ಕೊಳ್ಳುತ್ತೆ. ಕಂಡವರ ಮೇಲೆಲ್ಲ ಸಿಟ್ಟು, ಆಮೇಲೆ ಅಳು. ಇದು ಕಾಯಿಲೆ ಅಲ್ಲ, ಹಾಗಂತ ಬಾಯಿ ಮುಚ್ಕೊಂಡು ಸಹಿಸ್ಬೇಡಿ ಅಂದ್ರು ಡಾಕ್ಟರಮ್ಮ.” ಅವಳು ಕಣ್ಣೊರೆಸಿಕೊಂಡು ಮೇಲ್ವಿಚಾರಕಿಯನ್ನೇ ನೋಡಿದಳು. “ನಿಮಗೆ ನಿಂತು ಎಷ್ಟು ತಿಂಗಳಾಯ್ತು?”

“ನನಗೇನಾಗಿದೆ ಧಾಡಿ?” ಅನ್ನಲು ಬಾಯಿ ತೆರೆದವಳು ಬೆರಳು ಮಡಿಸಿ ಎಣಿಸಿದಳು. ನಾಲ್ಕು ತಿಂಗಳು. ವಯಸ್ಸು ನಲವತ್ತೊಂಬತ್ತು. ಆ ನಿದ್ದೆಗೆಟ್ಟ ರಾತ್ರಿಗಳು, ಆ ಬಸ್ ಟಿಕೆಟ್ ಜಗಳ! ಅಯ್ಯೋ ದೇವರೇ, ಇಂಥವಳ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಎದೆಯಿಂದ ಕಿವಿಯವರೆಗೆ ಭಗ್ಗನೆ ಬಿಸಿ ಏರಿತು.

ದೊಡ್ಡಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಮೇಲ್ವಿಚಾರಕಿ ಬಾಗಿಲು ಎಳೆದುಕೊಂಡು ಬಂದು ಕೂತಳು.

ಹೊರಗಿನಿಂದ ಮ್ಯಾನೇಜರು ದಬದಬ ಬಾಗಿಲು ಬಡಿದರು. “ಏನ್ರೀ, ಸಿಕ್ಕಿದಳಾ ಕಳ್ಳಿ?”

“ಸಿಕ್ಕಿದ್ದೀವಿ ಸಾರ್,” ಮೇಲ್ವಿಚಾರಕಿ ತಗಡಿಗೆ ಕೆನ್ನೆ ಒತ್ತಿಕೊಂಡೇ ಕೂಗಿದಳು. “ಇಬ್ಬರಿದ್ದೀವಿ. ಮನೆಗೆ ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ.”